ಹೃದ್ರೋಗವುಳ್ಳ ಮಕ್ಕಳ ಆರೈಕೆಯಲ್ಲಿ ದೂರಭೇಟಿ: ಗ್ರಾಮ ಮಟ್ಟದ ಕಾರ್ಯಕರ್ತರಿಗೆ ಅಧ್ಯಯನ ಪಾಠ

ಯಾರಿಗಾಗಿ: ಗ್ರಾಮ ಪಂಚಾಯತ್ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರು, ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು, ಸಮುದಾಯ ಆರೋಗ್ಯಾಧಿಕಾರಿಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಮುಖ್ಯೋಪಾಧ್ಯಾಯರು.

ಪಾಠದ ಉದ್ದೇಶ: ಹೃದಯದ ತೊಂದರೆಯಿರುವ ಮಗು ಊರಿನಲ್ಲಿಯೇ ಇದ್ದು, ದೂರದ ತಜ್ಞವೈದ್ಯರನ್ನು ದೂರವಾಣಿ ಅಥವಾ ವಿಡಿಯೋ ಮೂಲಕ ಕಾಣುವಾಗ ನಾವು ಮಾಡಬೇಕಾದ ಕೆಲಸ ಯಾವುದು, ಮಾಡಬಾರದ್ದು ಯಾವುದು ಎಂಬುದನ್ನು ತಿಳಿಯುವುದು.

1. ಪೀಠಿಕೆ

ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 8ರಿಂದ 9 ಶಿಶುಗಳಿಗೆ ಹೃದಯದ ರಚನೆಯಲ್ಲಿ ಹುಟ್ಟಿನಿಂದಲೇ ಏನಾದರೊಂದು ದೋಷವಿರುತ್ತದೆ. ವರ್ಷಕ್ಕೆ ನೂರು ಹೆರಿಗೆಗಳಾಗುವ ಗ್ರಾಮ ಪಂಚಾಯತಿಯಲ್ಲಿ ಹೆಚ್ಚುಕಡಿಮೆ ವರ್ಷಕ್ಕೊಂದು ಮಗು ಎಂದು ಇದರ ಅರ್ಥ. ಆದ್ದರಿಂದ ಇದು ಎಲ್ಲೋ ಯಾರಿಗೋ ಬರುವ ಅಪರೂಪದ ಕಾಯಿಲೆಯಲ್ಲ. ನಮ್ಮ ವ್ಯಾಪ್ತಿಯ ಯಾವುದಾದರೊಂದು ಮನೆಯಲ್ಲಿ ಇಂದು ಅಂತಹ ಮಗು ಇರುವ ಸಂಭವ ಹೆಚ್ಚು.

ಈ ದೋಷಗಳೆಲ್ಲವೂ ಒಂದೇ ತೂಕದವಲ್ಲ. ಸಣ್ಣ ರಂಧ್ರಗಳು ಹಲವು ಬಾರಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೆಲವಕ್ಕೆ ಔಷಧ ಮತ್ತು ನಿಗಾ ಸಾಕಾಗುತ್ತದೆ. ಸುಮಾರು ನಾಲ್ಕರಲ್ಲೊಂದು ಮಗುವಿಗೆ ಮಾತ್ರ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆ ಅಥವಾ ಅದಕ್ಕೆ ಸಮನಾದ ಚಿಕಿತ್ಸೆ ಬೇಕಾಗುತ್ತದೆ. ಅದು ದೊರೆಯುವುದು ರಾಜ್ಯದ ಬೆರಳೆಣಿಕೆಯ ನಗರಗಳಲ್ಲಿ.

ತಜ್ಞರ ಮುಂದೆ ಇಂತಹ ಮಗು ಕಳೆಯುವುದು ವರ್ಷದಲ್ಲಿ ಕೆಲವೇ ಗಂಟೆಗಳು. ಉಳಿದ ದಿನಗಳೆಲ್ಲ ಮನೆಯಲ್ಲಿ, ಅಂಗನವಾಡಿಯಲ್ಲಿ, ಶಾಲೆಯಲ್ಲಿ ಕಳೆಯುತ್ತವೆ. "ಆರು ವಾರ ಬಿಟ್ಟು ಕರೆತನ್ನಿ" ಎಂದು ವೈದ್ಯರು ಹೇಳಿದ ಮೇಲೆ ಆ ಆರು ವಾರ ಮಗುವನ್ನು ನೋಡುವವರು ಯಾರು? ನಗರಕ್ಕೆ ಒಮ್ಮೆ ಹೋಗಿಬರಲು ತಂದೆಯ ಎರಡು ದಿನದ ಕೂಲಿ, ಬಸ್ಸಿನ ಖರ್ಚು, ಮನೆಯಲ್ಲಿ ಉಳಿದ ಮಕ್ಕಳ ಚಿಂತೆ ಎಲ್ಲವೂ ಸೇರುತ್ತವೆ. ಮಗು ನಗುತ್ತಿದೆಯಲ್ಲ ಎಂದು ಒಂದು ಭೇಟಿ ತಪ್ಪುತ್ತದೆ, ಮುಂದಿನದೂ ತಪ್ಪುತ್ತದೆ. ಮಗುವಿನ ಸ್ಥಿತಿ ಕೈಮೀರುವುದು ಬಹಳ ಸಲ ಎರಡು ಭೇಟಿಗಳ ನಡುವಿನ ಈ ಅವಧಿಯಲ್ಲಿಯೇ.

ದೂರಭೇಟಿ ಈ ನಡುವಿನ ಅವಧಿಯನ್ನು ತುಂಬುವ ಸಾಧನ. ಆದರೆ ಈ ಪಾಠದುದ್ದಕ್ಕೂ ನೆನಪಿನಲ್ಲಿಡಬೇಕಾದ ಮಾತು ಒಂದಿದೆ: ಪರದೆಯ ಆಚೆ ಎಷ್ಟೇ ದೊಡ್ಡ ವೈದ್ಯರಿದ್ದರೂ, ಪರದೆಯ ಈಚೆ ಮಗುವಿನ ಪಕ್ಕದಲ್ಲಿರುವವರು ಅಳೆದು ಹೇಳಿದಷ್ಟೇ ಅವರಿಗೆ ಕಾಣುತ್ತದೆ. ದೂರಭೇಟಿಯ ಯಶಸ್ಸು ಮೊದಲು ನಿಂತಿರುವುದು ತಕ್ಕಡಿ, ಗಡಿಯಾರ ಮತ್ತು ಬರೆದಿಟ್ಟ ಪುಸ್ತಕದ ಮೇಲೆ. ಅಂತರ್ಜಾಲದ ವೇಗ ಅನಂತರದ್ದು.

2. ಮಕ್ಕಳ ಹೃದ್ರೋಗ: ಸಂಕ್ಷಿಪ್ತ ಪರಿಚಯ

ಗ್ರಾಮ ಮಟ್ಟದಲ್ಲಿ ನಾವು ಅರಿತಿರಬೇಕಾದ ಗುಂಪುಗಳು ನಾಲ್ಕು.

ಮೊದಲನೆಯದು, ಶ್ವಾಸಕೋಶಕ್ಕೆ ಅತಿಯಾಗಿ ರಕ್ತ ಹರಿಯುವ ದೋಷ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರವಿರುವುದು ಇದಕ್ಕೆ ಸಾಮಾನ್ಯ ಉದಾಹರಣೆ. ಇಲ್ಲಿ ಮಗು ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ಹುಟ್ಟಿದ ಕೆಲವು ವಾರಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಸಡಿಲಗೊಂಡಂತೆ ಅತ್ತ ಹರಿಯುವ ರಕ್ತ ಹೆಚ್ಚುತ್ತದೆ. ಒಂದರಿಂದ ಎರಡು ತಿಂಗಳ ಹೊತ್ತಿಗೆ ಮಗು ಏದುಸಿರು ಬಿಡುತ್ತದೆ, ಹಾಲು ಕುಡಿಯುವಾಗ ಹಣೆ ಬೆವರುತ್ತದೆ, ತೂಕ ಏರುವುದಿಲ್ಲ. "ಹುಟ್ಟಿದಾಗ ಡಾಕ್ಟರು ಎಲ್ಲ ಸರಿ ಇದೆ ಅಂದಿದ್ದರು" ಎಂದು ತಾಯಿ ಹೇಳುವ ಮಾತು ಸುಳ್ಳಲ್ಲ. ರೋಗದ ಸ್ವಭಾವವೇ ಹಾಗೆ.

ಎರಡನೆಯದು, ಮಗು ನೀಲಿಗಟ್ಟುವ ದೋಷ. ಆಮ್ಲಜನಕವಿಲ್ಲದ ರಕ್ತವು ಶ್ವಾಸಕೋಶಕ್ಕೆ ಹೋಗದೆ ನೇರವಾಗಿ ದೇಹಕ್ಕೆ ಹರಿಯುವುದರಿಂದ ತುಟಿ, ನಾಲಿಗೆ, ಉಗುರು ನೀಲಿಯಾಗುತ್ತವೆ. ಇಂತಹ ಕೆಲವು ಮಕ್ಕಳಿಗೆ ಅತ್ತಾಗ, ಮಲವಿಸರ್ಜನೆಯ ವೇಳೆ ಅಥವಾ ಬೆಳಗ್ಗೆ ಎದ್ದಾಗ ಹಠಾತ್ತನೆ ನೀಲಿ ಹೆಚ್ಚಿ ಪ್ರಜ್ಞೆ ತಪ್ಪುವುದುಂಟು.

ಮೂರನೆಯದು, ಹುಟ್ಟಿದ ಮೊದಲ ದಿನಗಳಲ್ಲೇ ಜೀವಕ್ಕೆ ಎರವಾಗುವ ದೋಷ. ಗರ್ಭದಲ್ಲಿ ತೆರೆದಿದ್ದ ಒಂದು ರಕ್ತನಾಳ ಹುಟ್ಟಿದ ಕೆಲವು ದಿನಗಳಲ್ಲಿ ಮುಚ್ಚಿಕೊಳ್ಳುವುದು ಸಹಜ. ಆ ನಾಳವನ್ನೇ ನೆಚ್ಚಿಕೊಂಡಿರುವ ಹೃದಯವುಳ್ಳ ಶಿಶು ಅದು ಮುಚ್ಚಿದೊಡನೆ ಬಿಳಿಚಿಕೊಂಡು, ತಣ್ಣಗಾಗಿ, ಕುಸಿಯುತ್ತದೆ. ಇದನ್ನು ಮುಂಚೆಯೇ ಗುರುತಿಸಲು ಸರಳ ಪರೀಕ್ಷೆಯೊಂದಿದೆ. ಹುಟ್ಟಿದ 24 ಗಂಟೆಗಳ ನಂತರ ಶಿಶುವಿನ ಬಲಗೈ ಮತ್ತು ಒಂದು ಪಾದದಲ್ಲಿ ಆಮ್ಲಜನಕದ ಪ್ರಮಾಣ ಅಳೆಯುವುದು. ಒಂದರಲ್ಲಾದರೂ ಶೇ. 95 ಅಥವಾ ಹೆಚ್ಚಿದ್ದು, ಎರಡರ ನಡುವೆ 3ಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಫಲಿತಾಂಶ ಸರಿ. ಶೇ. 90ಕ್ಕಿಂತ ಕಡಿಮೆಯಿದ್ದರೆ ತಕ್ಷಣ ತಜ್ಞರ ತಪಾಸಣೆ ಅಗತ್ಯ. ಇವೆರಡರ ನಡುವಿನದಾದರೆ ಒಂದು ಗಂಟೆಯ ಬಳಿಕ ಮತ್ತೆ ಅಳೆಯುತ್ತಾರೆ. ಮೊದಲ ಮನೆಭೇಟಿಯಲ್ಲಿ ಆಶಾ ಕಾರ್ಯಕರ್ತೆಯು ಈ ಪರೀಕ್ಷೆ ಆಗಿದೆಯೇ ಎಂದು ಬಿಡುಗಡೆ ಚೀಟಿ ನೋಡಿ ಕೇಳುವುದು ಒಳ್ಳೆಯ ರೂಢಿ.

ನಾಲ್ಕನೆಯದು, ಹುಟ್ಟಿನಿಂದ ಬಾರದೆ ಶಾಲಾ ವಯಸ್ಸಿನಲ್ಲಿ ಬರುವ ರುಮ್ಯಾಟಿಕ್ ಹೃದ್ರೋಗ. ಗಂಟಲುನೋವನ್ನು ಅಲಕ್ಷಿಸಿದಾಗ ಬರುವ ಜ್ವರ ಮತ್ತು ಕೀಲುನೋವು ಮುಂದೆ ಹೃದಯದ ಕವಾಟಗಳನ್ನು ಹಾಳುಮಾಡುತ್ತದೆ.

3. ದೂರಭೇಟಿ ನಡೆದುಬಂದ ದಾರಿ

ದೂರಭೇಟಿ ಕೋವಿಡ್ ಕಾಲದಲ್ಲಿ ಹುಟ್ಟಿದ್ದೆಂಬ ಭಾವನೆ ಸರಿಯಲ್ಲ. 2002ರಲ್ಲಿಯೇ ಇಸ್ರೋದ ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳೊಂದಿಗೆ ಜೋಡಿಸಲಾಗಿತ್ತು. ಅಂದು ಅದಕ್ಕೆ ದೊಡ್ಡ ಆಂಟೆನಾ ಬೇಕಿತ್ತು. ಇಂದು ಉಪಕೇಂದ್ರದ ಟ್ಯಾಬ್ ಸಾಕು. ಕೇಂದ್ರ ಆರೋಗ್ಯ ಸಚಿವಾಲಯದ ಇ-ಸಂಜೀವನಿ ವ್ಯವಸ್ಥೆ 2019ರ ನವೆಂಬರ್‌ನಲ್ಲಿ ಆರಂಭವಾಯಿತು. ಇದರಲ್ಲಿ ಎರಡು ಬಗೆ: ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಯು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ವೈದ್ಯರನ್ನು ಸಂಪರ್ಕಿಸುವುದು ಒಂದು, ಕುಟುಂಬವೇ ಮನೆಯಿಂದ ನೇರವಾಗಿ ಸಂಪರ್ಕಿಸುವುದು ಇನ್ನೊಂದು. ಎರಡನೆಯದು 2020ರ ಏಪ್ರಿಲ್‌ನಲ್ಲಿ ಸೇರಿತು. ಹೃದ್ರೋಗವುಳ್ಳ ಮಗುವಿಗೆ ಸಾಧ್ಯವಾದಷ್ಟೂ ಮೊದಲನೆಯ ಬಗೆಯೇ ಒಳಿತು. ಏಕೆಂದರೆ ಅಲ್ಲಿ ಅಳೆಯಬಲ್ಲವರೊಬ್ಬರು ಮಗುವಿನ ಹತ್ತಿರ ಇರುತ್ತಾರೆ.

ಅಳತೆಯ ಮಹತ್ವವನ್ನು ತೋರಿಸಿಕೊಟ್ಟ ಅನುಭವ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಕ್ಕಳ ಆಸ್ಪತ್ರೆಯದು. ಒಂದೇ ಕೆಳಕೋಣೆ ಕೆಲಸ ಮಾಡುವ ಹೃದಯವುಳ್ಳ ಶಿಶುಗಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಮೊದಲ ಶಸ್ತ್ರಚಿಕಿತ್ಸೆ, ಕೆಲವು ತಿಂಗಳ ನಂತರ ಎರಡನೆಯದು ನಡೆಯುತ್ತದೆ. ಈ ಎರಡರ ನಡುವೆ ಮನೆಗೆ ಹೋದ ಶಿಶುಗಳಲ್ಲಿ ಕೆಲವು ಹಠಾತ್ತನೆ ಅಸುನೀಗುತ್ತಿದ್ದವು. ಅಲ್ಲಿನ ವೈದ್ಯರು ತಂದೆತಾಯಿಗಳಿಗೆ ಒಂದು ತಕ್ಕಡಿ ಮತ್ತು ಒಂದು ಆಕ್ಸಿಮೀಟರ್ ಕೊಟ್ಟು, ಪ್ರತಿದಿನ ಅಳೆದು ಬರೆಯಲು ಕಲಿಸಿದರು. ಆಮ್ಲಜನಕ ಶೇ. 70ಕ್ಕಿಂತ ಇಳಿದರೆ, ಒಂದೇ ದಿನದಲ್ಲಿ 30 ಗ್ರಾಂ ತೂಕ ಕುಗ್ಗಿದರೆ, ಅಥವಾ ಮೂರು ದಿನಗಳಲ್ಲಿ 20 ಗ್ರಾಂ ಕೂಡ ಏರದಿದ್ದರೆ ಕೂಡಲೇ ಕರೆ ಮಾಡಬೇಕೆಂದು ತಿಳಿಸಿದರು. 2003ರಲ್ಲಿ ಪ್ರಕಟವಾದ ಅವರ ವರದಿಯಂತೆ, ಹೀಗೆ ನಿಗಾ ವಹಿಸಿದ ಮೊದಲ 24 ಶಿಶುಗಳಲ್ಲಿ ಒಂದೂ ಆ ನಡುವಿನ ಅವಧಿಯಲ್ಲಿ ಸಾಯಲಿಲ್ಲ. ಅಲ್ಲಿ ವಿಡಿಯೋ ಇರಲಿಲ್ಲ. ಇದ್ದುದು ಎರಡು ಅಳತೆ, ಒಂದು ಪುಸ್ತಕ, ಒಂದು ದೂರವಾಣಿ ಮತ್ತು ಯಾವಾಗ ಕರೆ ಮಾಡಬೇಕೆಂಬ ಸ್ಪಷ್ಟ ಗೆರೆ.

ವಿಡಿಯೋಗೂ ತನ್ನದೇ ಆದ ಬೆಲೆಯಿದೆ. ಉತ್ತರ ಐರ್ಲೆಂಡಿನಲ್ಲಿ ತೀವ್ರ ಹೃದಯದೋಷವುಳ್ಳ ಶಿಶುಗಳ ಕುಟುಂಬಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನಿಯಮಿತ ವಿಡಿಯೋ ಕರೆ ಪಡೆದ ಕುಟುಂಬಗಳು ಆಸ್ಪತ್ರೆ ಮತ್ತಿತರ ಆರೋಗ್ಯ ಸೇವೆಗಳನ್ನು ಅವಲಂಬಿಸಿದ್ದು ಕಡಿಮೆಯಾಗಿತ್ತು. ಮಗುವಿನ ಬಣ್ಣ, ಎದೆಯ ಚಲನೆ, ತಾಯಿಯ ಮುಖಭಾವ ಇವನ್ನು ಕಣ್ಣಾರೆ ಕಂಡ ವೈದ್ಯರು ಹೆಚ್ಚು ಭರವಸೆಯಿಂದ ನಿರ್ಧರಿಸಬಲ್ಲರು.

ನೆರೆಯ ಕೇರಳದ ಅನುಭವವೂ ಗಮನಾರ್ಹ. 2017ರಲ್ಲಿ ಆರಂಭವಾದ ಅಲ್ಲಿನ 'ಹೃದ್ಯಂ' ಯೋಜನೆಯಲ್ಲಿ ಮಗುವಿನ ವಿವರ ಮತ್ತು ಎಕೋ ವರದಿಯನ್ನು ಜಾಲತಾಣದಲ್ಲಿ ದಾಖಲಿಸಲಾಗುತ್ತದೆ. ಮಕ್ಕಳ ಹೃದ್ರೋಗ ತಜ್ಞರು ಅದನ್ನು ನೋಡಿ, ಯಾವ ಮಗುವಿಗೆ ಎಷ್ಟು ತುರ್ತು ಎಂದು ವಿಂಗಡಿಸಿ ಆಸ್ಪತ್ರೆಯನ್ನು ಗೊತ್ತುಪಡಿಸುತ್ತಾರೆ. ಮಗುವನ್ನು ಊರಿಂದೂರಿಗೆ ಅಲೆದಾಡಿಸುವ ಮೊದಲು ಕಾಗದವನ್ನು ಓಡಾಡಿಸುವ ಕ್ರಮ ಇದು.

4. ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು

ದೂರಭೇಟಿ ಸಲ್ಲುವ ಸಂದರ್ಭಗಳು: ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ಮಗುವಿನ ತೂಕ ಮತ್ತು ಉಸಿರಾಟದ ನಿಗಾ, ಔಷಧದ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಬದಲಿಸುವುದು, ಶಸ್ತ್ರಚಿಕಿತ್ಸೆಯ ನಂತರ ಗಾಯ ಮಾಯುತ್ತಿರುವುದನ್ನು ನೋಡುವುದು, ರಕ್ತಪರೀಕ್ಷೆಯ ವರದಿ ತೋರಿಸುವುದು, ಲಸಿಕೆ, ಆಹಾರ, ಆಟ, ಶಾಲೆ ಕುರಿತ ಸಂದೇಹ ಕೇಳುವುದು, ತಂದೆತಾಯಿಗೆ ಧೈರ್ಯ ಹೇಳುವುದು.

ಸಲ್ಲದ ಸಂದರ್ಭಗಳು: ರೋಗವನ್ನು ಮೊದಲ ಬಾರಿ ನಿರ್ಣಯಿಸುವುದು ಪರದೆಯಿಂದಾಗುವ ಕೆಲಸವಲ್ಲ. ಹೃದಯದ ಮರ್ಮರ ಶಬ್ದ ಆಲಿಸಲು, ತೊಡೆಸಂದಿಯ ನಾಡಿ ಮುಟ್ಟಿ ನೋಡಲು, ಕೈ ಮತ್ತು ಕಾಲಿನ ರಕ್ತದೊತ್ತಡ ಹೋಲಿಸಲು, ಎಕೋ ಮಾಡಲು ಮಗು ವೈದ್ಯರ ಬಳಿಯೇ ಇರಬೇಕು. ತುರ್ತು ಸ್ಥಿತಿಯಲ್ಲಿಯೂ ದೂರಭೇಟಿಗೆ ಕಾಯುತ್ತ ಕೂರಬಾರದು. 2020ರ ಮಾರ್ಚ್ 25ರಂದು ಹೊರಬಂದ ರಾಷ್ಟ್ರೀಯ ದೂರವೈದ್ಯ ಮಾರ್ಗಸೂಚಿಯೂ ತುರ್ತು ಸಂದರ್ಭದಲ್ಲಿ ಪ್ರಥಮ ಚಿಕಿತ್ಸೆಯ ಸಲಹೆ ನೀಡಿ ಆಸ್ಪತ್ರೆಗೆ ಕಳುಹಿಸಬೇಕೆಂದೇ ಹೇಳುತ್ತದೆ. ಅದೇ ಮಾರ್ಗಸೂಚಿಯಂತೆ, ಅಪ್ರಾಪ್ತ ವಯಸ್ಸಿನ ಮಗುವಿನ ದೂರಭೇಟಿಯಲ್ಲಿ ಗುರುತು ದೃಢಪಟ್ಟ ವಯಸ್ಕರೊಬ್ಬರು ಜೊತೆಗಿರಲೇಬೇಕು. ಕರೆಯನ್ನು ಆರೋಗ್ಯ ಕಾರ್ಯಕರ್ತರು ಆರಂಭಿಸಿದಲ್ಲಿ ಸ್ಪಷ್ಟ ಒಪ್ಪಿಗೆ ಪಡೆದು ದಾಖಲಿಸಬೇಕು.

5. ಮೂರು ಅಳತೆಗಳು

ತೂಕ. ಒಂದೇ ತಕ್ಕಡಿ, ಒಂದೇ ಹೊತ್ತು, ಬಟ್ಟೆಯಿಲ್ಲದೆ ಅಥವಾ ಒಂದೇ ತೆಳುಬಟ್ಟೆಯಲ್ಲಿ ತೂಗಬೇಕು. ತೂಗುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಬೇಕು. ಮೊದಲ ಮೂರು ತಿಂಗಳಲ್ಲಿ ಆರೋಗ್ಯವಂತ ಶಿಶುವಿನ ತೂಕ ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರುತ್ತದೆ. ಹೃದಯ ದಣಿದ ಶಿಶುವಿಗೆ ಹಾಲು ಹೀರುವುದೇ ಬೆಟ್ಟ ಹತ್ತಿದಷ್ಟು ಶ್ರಮ. ಕುಡಿದ ಹಾಲು ಉಸಿರಾಡುವುದಕ್ಕೇ ಖರ್ಚಾಗುತ್ತದೆ. ಆದ್ದರಿಂದ ತೂಕ ನಿಂತಿತೆಂದರೆ ಅದು ಹೃದಯದ ಸುದ್ದಿ. "ತಾಯಿಗೆ ಹಾಲು ಸಾಲದು" ಎಂದು ತಾಯಿಯ ಮೇಲೆ ತಪ್ಪು ಹೊರಿಸುವ ಮುನ್ನ ಇದನ್ನು ಯೋಚಿಸಬೇಕು. ಕೆಲವೊಮ್ಮೆ ದೇಹದಲ್ಲಿ ನೀರು ನಿಂತು ತೂಕ ಹಠಾತ್ತನೆ ಏರುವುದೂ ಉಂಟು. ಮುಖ, ರೆಪ್ಪೆ ಊದಿದ್ದು ಒಂದೆರಡು ದಿನದಲ್ಲಿ ತೂಕ ಜಿಗಿದಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದು ಭಾವಿಸದೆ ವೈದ್ಯರಿಗೆ ತಿಳಿಸಬೇಕು.

ಉಸಿರು. ಮಗು ಶಾಂತವಾಗಿರುವಾಗ ಅಥವಾ ನಿದ್ರಿಸುತ್ತಿರುವಾಗ ಹೊಟ್ಟೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬಾರದು. ಶಿಶುಗಳ ಉಸಿರು ಸಮನಾಗಿ ಓಡುವುದಿಲ್ಲ. ಎರಡು ತಿಂಗಳೊಳಗಿನ ಶಿಶುವಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಹೆಚ್ಚು ಕಂಡುಬಂದರೆ ಇನ್ನೊಮ್ಮೆ ಎಣಿಸಿ ಖಚಿತಪಡಿಸಿಕೊಳ್ಳಬೇಕು. ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿದೆಯೇ ಎಂಬುದನ್ನೂ ನೋಡಿ ಬರೆಯಬೇಕು.

ಆಮ್ಲಜನಕ. ದೊಡ್ಡವರ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಶಿಶುವಿನ ಬೆರಳಿಗೆ ಹೊಂದದು. ಸುತ್ತಿ ಕಟ್ಟುವ ಶಿಶುಗಳ ಪಟ್ಟಿಯೇ ಬೇಕು. ಕೈಕಾಲು ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಮಗು ಅಲುಗಾಡದಿರುವಾಗ ಅಳೆಯಬೇಕು. ನಾಡಿಯ ಸಂಖ್ಯೆ ಸ್ಥಿರವಾಗಿ ನಿಂತ ಮೇಲಷ್ಟೇ ಅಂಕಿಯನ್ನು ನಂಬಬೇಕು. ಕೈಯಲ್ಲಿ ಅಳೆದದ್ದೋ ಪಾದದಲ್ಲಿ ಅಳೆದದ್ದೋ ಎಂಬುದನ್ನು ಬರೆಯಬೇಕು. ಮುಖ್ಯವಾದ ಸಂಗತಿಯೆಂದರೆ, ನೀಲಿಗಟ್ಟುವ ದೋಷವುಳ್ಳ ಮಗುವಿನಲ್ಲಿ ಶೇ. 80ರ ಆಸುಪಾಸು ಅದರ ನಿತ್ಯದ ಮಟ್ಟವಾಗಿರಬಹುದು. ಬೇರೆ ಮಗುವಿಗೆ ಅದೇ ಅಂಕಿ ತುರ್ತು ಸ್ಥಿತಿ. ಆದ್ದರಿಂದ "ಈ ಮಗುವಿಗೆ ಸಾಮಾನ್ಯ ಎಷ್ಟು? ಎಷ್ಟಕ್ಕಿಂತ ಇಳಿದರೆ ಕರೆ ಮಾಡಬೇಕು?" ಎಂದು ತಜ್ಞರನ್ನು ಮೊದಲ ಭೇಟಿಯಲ್ಲೇ ಕೇಳಿ, ಆ ಗೆರೆಯನ್ನು ತಾಯಿ ಕಾರ್ಡಿನೊಂದಿಗೆ ಇಡುವ ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿಡಬೇಕು.

6. ಭೇಟಿಯ ಕ್ರಮ

ಭೇಟಿಗೆ ಮೊದಲು: ಅಂದಿನ ಮೂರು ಅಳತೆಗಳು, ಹಿಂದಿನ ಎರಡು ಮೂರು ವಾರಗಳ ಅಳತೆಗಳು, ಎಕೋ ವರದಿ, ಬಿಡುಗಡೆ ಚೀಟಿ, ಲಸಿಕೆಯ ವಿವರ ಎಲ್ಲವೂ ಕೈಗೆಟುಕುವಂತಿರಲಿ. ಮನೆಯಲ್ಲಿರುವ ಔಷಧದ ಬಾಟಲಿ ಹಾಗೂ ಅದನ್ನು ಕೊಡುವ ಸಿರಿಂಜ್ ಅಥವಾ ಚಮಚವನ್ನೇ ತರಲು ತಾಯಿಗೆ ಹಿಂದಿನ ದಿನವೇ ತಿಳಿಸಬೇಕು. ಹೃದಯದ ಔಷಧಗಳು ಹನಿ ಲೆಕ್ಕದವು. ಒಂದೇ ಹೆಸರಿನ ಔಷಧ ಬೇರೆ ಬೇರೆ ಸಾಂದ್ರತೆಯಲ್ಲಿ ಸಿಗಬಹುದು. ಬಾಟಲಿಯ ಚೀಟಿಯನ್ನು ವೈದ್ಯರಿಗೆ ತೋರಿಸಿದಾಗ ಮಾತಿನಲ್ಲಿ ಹೇಳದ ತಪ್ಪುಗಳು ಕಣ್ಣಿಗೆ ಬೀಳುತ್ತವೆ.

ಭೇಟಿಯ ವೇಳೆ: ಕಿಟಕಿಯ ಬೆಳಕು ಮಗುವಿನ ಮುಖಕ್ಕೆ ಬೀಳುವಂತೆ ಕೂರಿಸಬೇಕು, ಬೆಳಕು ಬೆನ್ನಹಿಂದೆ ಇದ್ದರೆ ಯಾವ ಮಗುವಾದರೂ ಕಪ್ಪಾಗಿ ಕಾಣುತ್ತದೆ. ಬಣ್ಣದ ಬಲ್ಬಿನ ಕೆಳಗೆ ನೀಲಿ ಗೊತ್ತಾಗುವುದಿಲ್ಲ. ಅಂಗಿ ತೆಗೆದು ಎದೆಯನ್ನು ಅರ್ಧ ನಿಮಿಷ ತೋರಿಸಬೇಕು; ನಾಲಿಗೆ, ಉಗುರು, ಪಾದ ತೋರಿಸಬೇಕು. ಸಾಧ್ಯವಾದರೆ ಮಗು ಹಾಲು ಕುಡಿಯುವುದನ್ನು ವೈದ್ಯರು ಗಮನಿಸುವಂತಿರಬೇಕು. ತಾಯಿಯ ಸಂಕೋಚಕ್ಕೆ ಧಕ್ಕೆಯಾಗದಂತೆ ಮಗುವಿನ ಹಣೆ ಮತ್ತು ಎದೆಯನ್ನಷ್ಟೇ ತೋರಿಸಿದರೆ ಸಾಕು. ಮಾತು ತಾಯಿಯದೇ ಆಗಿರಲಿ. ಕಾರ್ಯಕರ್ತೆಯು ಅಳತೆಗಳನ್ನು ಹೇಳಿ, ಬಿಟ್ಟುಹೋದದ್ದನ್ನು ಸೇರಿಸಿದರೆ ಸಾಕು.

ಭೇಟಿಯ ನಂತರ: ವೈದ್ಯರ ಸೂಚನೆಯನ್ನು ತಾಯಿಯ ಬಾಯಲ್ಲಿ ಮರಳಿ ಹೇಳಿಸಬೇಕು. ಔಷಧದ ಪ್ರಮಾಣವನ್ನು ಸಿರಿಂಜಿನ ಮೇಲೆ ಗುರುತು ಹಾಕಿಕೊಡಬೇಕು. ಮುಂದಿನ ದಿನಾಂಕ, ಕರೆ ಮಾಡಬೇಕಾದ ಗೆರೆ, ಯಾರಿಗೆ ಕರೆ ಮಾಡಬೇಕು ಎಂಬ ಮೂರನ್ನೂ ಪುಸ್ತಕದಲ್ಲಿ ಬರೆಯಬೇಕು.

7. ಅಭ್ಯಾಸಕ್ಕಾಗಿ ಒಂದು ನಿದರ್ಶನ

ಇದು ಪಾಠಕ್ಕಾಗಿ ರಚಿಸಿದ ನಿದರ್ಶನ. ಏಳು ವಾರದ ಹೆಣ್ಣುಶಿಶು. ಹೃದಯದ ಕೆಳಕೋಣೆಗಳ ನಡುವೆ ದೊಡ್ಡ ರಂಧ್ರ. ಔಷಧ ನಡೆಯುತ್ತಿದೆ. ನಗರದ ಆಸ್ಪತ್ರೆಯ ಮುಂದಿನ ದಿನಾಂಕ ಇನ್ನೂ ನಾಲ್ಕು ವಾರವಿದೆ. ಪುಸ್ತಕದಲ್ಲಿರುವ ಅಳತೆಗಳು ಹೀಗಿವೆ:

35ನೇ ದಿನ: ತೂಕ 3,400 ಗ್ರಾಂ, ಉಸಿರು 52, ಆಮ್ಲಜನಕ ಶೇ. 97, ಹಾಲು ಕುಡಿಯಲು 15 ನಿಮಿಷ.
42ನೇ ದಿನ: ತೂಕ 3,520 ಗ್ರಾಂ, ಉಸಿರು 56, ಆಮ್ಲಜನಕ ಶೇ. 97, ಹಾಲು ಕುಡಿಯಲು 20 ನಿಮಿಷ.
49ನೇ ದಿನ: ತೂಕ 3,540 ಗ್ರಾಂ; ಉಸಿರು 66; ಆಮ್ಲಜನಕ ಶೇ. 95, ಹಾಲು ಕುಡಿಯಲು 40 ನಿಮಿಷ, ನಡುನಡುವೆ ನಿಲ್ಲಿಸುತ್ತದೆ.

ಅಂದು ಮಧ್ಯಾಹ್ನ 3ಕ್ಕೆ ದೂರಭೇಟಿ ನಿಗದಿಯಾಗಿತ್ತು. ಬೆಳಗ್ಗೆ ಅಳೆದ ಆಶಾ ಕಾರ್ಯಕರ್ತೆ ಮಧ್ಯಾಹ್ನದವರೆಗೆ ಕಾಯದೆ ಸಮುದಾಯ ಆರೋಗ್ಯಾಧಿಕಾರಿಗೆ ತಿಳಿಸಿದರು. ಅವರು ಕೂಡಲೇ ವೈದ್ಯರನ್ನು ಸಂಪರ್ಕಿಸಿದರು.

ಆಶಾ: "ಮೇಡಂ, ಮಗುವಿಗೆ ಏಳು ವಾರ. ಹೋದ ವಾರಕ್ಕಿಂತ ತೂಕ ಬರೀ ಇಪ್ಪತ್ತು ಗ್ರಾಂ ಏರಿದೆ. ಉಸಿರು ಎರಡು ಸಲ ಎಣಿಸಿದೆ, ಅರವತ್ತಾರು ಬಂತು. ಪಕ್ಕೆ ಸೆಳೀತಿದೆ. ಜ್ವರ ಇಲ್ಲ."
ವೈದ್ಯೆ: "ಔಷಧಿ ಸರಿಯಾಗಿ ಕೊಡ್ತಿದ್ದಾರಾ? ಬಾಟಲಿ ತೋರಿಸಿ."
ತಾಯಿ: "ಅಕ್ಕ, ಅದು ಮುಗಿದು ಮೂರು ದಿನ ಆಯ್ತು. ಇವರು ಪೇಟೆಗೆ ಹೋದಾಗ ತರ್ತೀನಿ ಅಂದಿದ್ರು."
ವೈದ್ಯೆ: "ಬೈಯಲ್ಲಮ್ಮ, ಹೆದರಬೇಡಿ. ನಾಲ್ಕು ವಾರ ಕಾಯೋದು ಬೇಡ. ಇವತ್ತೇ, ಈಗಲೇ ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾನು ಅಲ್ಲಿಯ ಮಕ್ಕಳ ವೈದ್ಯರಿಗೆ ಹೇಳಿರ್ತೀನಿ."

ಈ ನಿದರ್ಶನದಿಂದ ಕಲಿಯಬೇಕಾದದ್ದು ಮೂರು. ಆಮ್ಲಜನಕದ ಅಂಕಿ ಇಲ್ಲಿ ಹೆಚ್ಚೇನೂ ಕೆಟ್ಟಿರಲಿಲ್ಲ. ಅಪಾಯವನ್ನು ಮೊದಲು ಹೇಳಿದ್ದು ತೂಕ ಮತ್ತು ಉಸಿರು. ಒಂದು ದಿನದ ಅಂಕಿಗಿಂತ ಮೂರು ವಾರದ ಸಾಲು ಹೆಚ್ಚು ಮಾತನಾಡಿತು. ಔಷಧ ಮುಗಿದ ಸಂಗತಿ ಬಾಟಲಿ ಕೇಳಿದಾಗ ಮಾತ್ರ ಹೊರಬಂತು. "ಮಗು ಯಾಕೋ ಸಪ್ಪಗಿದೆ ಮೇಡಂ" ಎಂದಷ್ಟೇ ಹೇಳಿದ್ದರೆ ಪರದೆಯ ಆಚೆಯವರು ಏನನ್ನು ನಿರ್ಧರಿಸಬಹುದಿತ್ತು ಎಂಬುದನ್ನು ಯೋಚಿಸಿ ನೋಡಬೇಕು.

8. ಶಾಲಾ ವಯಸ್ಸಿನ ಮಕ್ಕಳು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಗಿ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಒಳಗೊಳ್ಳುತ್ತದೆ. ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಭೇಟಿ ನೀಡಿ ತಪಾಸಣೆ ಮಾಡಬೇಕು. ಜನ್ಮಜಾತ ಹೃದ್ರೋಗ ಮತ್ತು ರುಮ್ಯಾಟಿಕ್ ಹೃದ್ರೋಗ ಎರಡೂ ಇದರ ಪಟ್ಟಿಯಲ್ಲಿವೆ. ತಂಡ ಬರುವ ದಿನ ಗೈರಾದ ಮಗುವೇ ಹಲವು ಸಲ ಕಾಯಿಲೆಯ ಮಗುವಾಗಿರುತ್ತದೆ. ಮುಖ್ಯೋಪಾಧ್ಯಾಯರು ಗೈರಾದವರ ಪಟ್ಟಿಯನ್ನು ತಂಡಕ್ಕೆ ಕೊಡುವುದು ಅವಶ್ಯ.

ರುಮ್ಯಾಟಿಕ್ ಹೃದ್ರೋಗವುಳ್ಳ ಮಗುವಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕು. ಚುಚ್ಚುಮದ್ದನ್ನು ಪರದೆಯ ಮೂಲಕ ಕೊಡಲಾಗದು. ಆದರೆ ದಿನಾಂಕ ತಪ್ಪದಂತೆ ನೆನಪಿಸುವುದು, ನೋವಿಗೆ ಹೆದರಿ ಬಿಟ್ಟ ಮಗುವಿಗೆ ತಜ್ಞರಿಂದಲೇ ತಿಳಿಹೇಳಿಸುವುದು ದೂರಭೇಟಿಯಿಂದ ಸಾಧ್ಯ. ಕೃತಕ ಕವಾಟ ಅಳವಡಿಸಿಕೊಂಡು ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವ ಮಗುವಿನ ರಕ್ತಪರೀಕ್ಷೆಯನ್ನು ತಾಲ್ಲೂಕಿನಲ್ಲಿ ಮಾಡಿಸಿ, ವರದಿಯನ್ನು ದೂರದಿಂದ ತೋರಿಸಿ ಮಾತ್ರೆಯ ಪ್ರಮಾಣ ಕೇಳಬಹುದು. ಹೃದಯ ಶಸ್ತ್ರಚಿಕಿತ್ಸೆಯಾದ ಮಗುವಿಗೆ ಕಾರಣ ತಿಳಿಯದ ಜ್ವರ ಮುಂದುವರಿದರೆ, ಅಂಗಡಿಯಿಂದ ಆ್ಯಂಟಿಬಯೋಟಿಕ್ ಮಾತ್ರೆ ತಂದು ನುಂಗಿಸದೆ ಮೊದಲು ವೈದ್ಯರಿಗೆ ತಿಳಿಸಬೇಕು. ಹೃದಯದ ಒಳಪೊರೆಗೆ ಸೋಂಕು ತಗುಲಿದೆಯೇ ಎಂದು ನೋಡಲು ಔಷಧಕ್ಕೆ ಮುನ್ನವೇ ರಕ್ತ ತೆಗೆಯಬೇಕಾಗುತ್ತದೆ. ಹಲ್ಲುಗಳ ಶುಚಿತ್ವವೂ ಇದೇ ಕಾರಣಕ್ಕೆ ಮುಖ್ಯ.

9. ಪಂಚಾಯತಿಯ ಕರ್ತವ್ಯಗಳು

ಅ) ಅಂಗನವಾಡಿ ಮತ್ತು ಉಪಕೇಂದ್ರಗಳ ತಕ್ಕಡಿಗಳು ಸರಿಯಾಗಿವೆಯೇ ಎಂದು ಪರಿಶೀಲಿಸುವುದು. ತೂಕ ಗೊತ್ತಿರುವ ವಸ್ತುವೊಂದನ್ನು ತಿಂಗಳಿಗೊಮ್ಮೆ ಇಟ್ಟು ನೋಡಿದರೆ ಸಾಕು.

ಆ) ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ವಿದ್ಯುತ್ ಹೋದಾಗಲೂ ನಡೆಯುವ ಅಂತರ್ಜಾಲ, ಶಿಶುಗಳ ಆಕ್ಸಿಮೀಟರ್ ಪಟ್ಟಿ ಇರುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಚರ್ಚಿಸುವುದು.

ಇ) "ಇಂದೇ ಕರೆತನ್ನಿ" ಎಂದು ವೈದ್ಯರು ಹೇಳಿದಾಗ ವಾಹನಕ್ಕೆ ಅಲೆಯುವಂತಾಗಬಾರದು. 108ರ ಜೊತೆಗೆ ಊರಿನ ಪರ್ಯಾಯ ವಾಹನದ ಏರ್ಪಾಡನ್ನು ಮುಂಚೆಯೇ ಗೊತ್ತುಮಾಡಿಡಬೇಕು. ಹೊರಡುವ ನಿರ್ಧಾರ ಮೂಡಿದ ಮೇಲೂ ಮಗು ಊರಿನಲ್ಲೇ ಉಳಿದರೆ ದೂರಭೇಟಿಯಿಂದ ಪ್ರಯೋಜನವೇನು?

ಈ) ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ, ಆಧಾರ್, ಮಗುವಿನ ಜನನ ಪ್ರಮಾಣಪತ್ರ ಇವು ಶಸ್ತ್ರಚಿಕಿತ್ಸೆಯ ದಿನಾಂಕಕ್ಕೆ ಮೊದಲೇ ಸಿದ್ಧವಿರುವಂತೆ ನೋಡಿಕೊಳ್ಳುವುದು.

ಉ) ಗೋಪ್ಯತೆ ಕಾಪಾಡುವುದು. ಮಗುವಿನ ಹೆಸರನ್ನು ಗ್ರಾಮಸಭೆಯಲ್ಲಿ ಓದಬಾರದು. ಭಾವಚಿತ್ರ ಅಥವಾ ವರದಿಯನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬಾರದು. ಸಭೆಗೆ ಬೇಕಾದದ್ದು ಸಂಖ್ಯೆ ಮಾತ್ರ: ನಿಗಾದಲ್ಲಿರುವ ಮಕ್ಕಳೆಷ್ಟು, ಈ ತಿಂಗಳು ನಡೆದ ಭೇಟಿಗಳೆಷ್ಟು, ತಪ್ಪಿದವೆಷ್ಟು, ತಪ್ಪಿದ್ದೇಕೆ.

ಊ) ಹೆಣ್ಣುಮಕ್ಕಳ ಬಗ್ಗೆ ವಿಶೇಷ ಗಮನ. ಹೆಣ್ಣುಮಗುವಿನ ಹೃದಯ ಶಸ್ತ್ರಚಿಕಿತ್ಸೆಗೆ ಕುಟುಂಬಗಳು ಗಂಡುಮಗುವಿಗಿಂತ ಕಡಿಮೆ ಮುಂದಾಗುತ್ತವೆ ಎಂಬುದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರ ಅಧ್ಯಯನದಲ್ಲಿ ಕಂಡುಬಂದಿದೆ. ಎದೆಯ ಮೇಲೆ ಗಾಯದ ಗುರುತು ಉಳಿದರೆ ಮದುವೆಗೆ ತೊಡಕೆಂಬ ಭಯ ನಮ್ಮಲ್ಲಿಯೂ ಇದೆ. ದೂರಭೇಟಿಗಳು ತಪ್ಪುತ್ತಿರುವುದು ಹೆಣ್ಣುಮಗುವಿನದಾದರೆ ಸದಸ್ಯರು ಮನೆಗೆ ಹೋಗಿ ಮಾತನಾಡಬೇಕು.

10. ಕೂಡಲೇ ಹೊರಡಬೇಕಾದ ಚಿಹ್ನೆಗಳು

ಕೆಳಗಿನ ಯಾವುದೊಂದು ಕಂಡರೂ ದೂರಭೇಟಿಗೆ ಕಾಯದೆ 108ಕ್ಕೆ ಕರೆ ಮಾಡಿ:

• ಹಾಲು ಕುಡಿಯುವುದನ್ನು ಪೂರ್ತಿ ನಿಲ್ಲಿಸುವುದು, ಅಥವಾ ಎಬ್ಬಿಸಿದರೂ ಏಳದಿರುವುದು.
• ವೇಗದ ಉಸಿರಿನೊಂದಿಗೆ ಎದೆ ಒಳಸೆಳೆತ, ನರಳಾಟ.
• ಮೈ ಬಿಳಿಚಿ ತಣ್ಣಗಾಗುವುದು. ಮೂತ್ರ ಬಹಳ ಕಡಿಮೆಯಾಗುವುದು.
• ಹಠಾತ್ತನೆ ನೀಲಿ ಹೆಚ್ಚುವುದು. ಆಗ ಮಗುವನ್ನು ಎತ್ತಿಕೊಂಡು ಅದರ ಮೊಣಕಾಲುಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿಯಬೇಕು, ಸಮಾಧಾನಪಡಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು.
• ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು.
• ಆಮ್ಲಜನಕ ಆ ಮಗುವಿಗೆ ವೈದ್ಯರು ಹಾಕಿಕೊಟ್ಟ ಗೆರೆಗಿಂತ ಇಳಿದು, ಮತ್ತೆ ಅಳೆದರೂ ಏರದಿರುವುದು.

11. ಚರ್ಚೆಗೆ ಪ್ರಶ್ನೆಗಳು

(ಮಾಸಿಕ ಸಭೆಯಲ್ಲಿ ಗುಂಪುಗಳಾಗಿ ಚರ್ಚಿಸುವುದು)

1. ನಮ್ಮ ಪಂಚಾಯತ್ ವ್ಯಾಪ್ತಿಯಲ್ಲಿ ಕಳೆದ ಎರಡು ವರ್ಷಗಳಲ್ಲಿ ಹುಟ್ಟಿದ ಮಕ್ಕಳೆಷ್ಟು? ಹೃದಯದೋಷವಿದೆಯೆಂದು ಗುರುತಿಸಲ್ಪಟ್ಟವರೆಷ್ಟು? ಸಂಖ್ಯೆ ನಿರೀಕ್ಷೆಗಿಂತ ಕಡಿಮೆಯಿದ್ದರೆ ಅದಕ್ಕೆ ಕಾರಣವೇನಿರಬಹುದು?
2. ಏಳನೆಯ ಭಾಗದ ನಿದರ್ಶನದಲ್ಲಿ 42ನೇ ದಿನವೇ ಗಮನಿಸಬಹುದಾಗಿದ್ದ ಸೂಚನೆ ಯಾವುದು? ಏಳು ದಿನಗಳ ತೂಕದ ಏರಿಕೆಯನ್ನು ದಿನವಾರು ಲೆಕ್ಕ ಹಾಕಿ ಉತ್ತರಿಸಿ.
3. ಔಷಧ ಮುಗಿಯುವ ಒಂದು ವಾರ ಮೊದಲೇ ತಿಳಿಯುವಂತೆ ಯಾವ ಏರ್ಪಾಡು ಮಾಡಬಹುದು?
4. ನಮ್ಮ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ತಾಯಿಯೊಬ್ಬಳು ಸಂಕೋಚವಿಲ್ಲದೆ ವೈದ್ಯರೊಡನೆ ಮಾತನಾಡಬಹುದಾದ ಜಾಗವಿದೆಯೇ?
5. ಇಬ್ಬಿಬ್ಬರಂತೆ ಜೊತೆಯಾಗಿ, ನಿದ್ರಿಸುತ್ತಿರುವ ಒಂದು ಶಿಶುವಿನ ಉಸಿರನ್ನು ಒಂದೇ ನಿಮಿಷದಲ್ಲಿ ಬೇರೆಬೇರೆಯಾಗಿ ಎಣಿಸಿ. ಇಬ್ಬರ ಸಂಖ್ಯೆಯಲ್ಲಿ ಎಷ್ಟು ವ್ಯತ್ಯಾಸ ಬಂತು?

ಐದನೆಯ ಪ್ರಶ್ನೆ ಸುಲಭವೆನಿಸಬಹುದು. ಅಭ್ಯಾಸವಿಲ್ಲದವರ ಎಣಿಕೆಯಲ್ಲಿ ವ್ಯತ್ಯಾಸ ಬರುವುದು ಸಹಜ. ಮತ್ತೆ ಮತ್ತೆ ಎಣಿಸಿದಂತೆ ಅದು ಕುಗ್ಗುತ್ತದೆ. ಎಣಿಕೆ ಒಂದಾಗುವವರೆಗೆ ಈ ಅಭ್ಯಾಸವನ್ನು ಪ್ರತಿ ಸಭೆಯಲ್ಲಿಯೂ ಮುಂದುವರಿಸತಕ್ಕದ್ದು.